ಜಾಯ್‌ಸ್ಟಿಕ್ ‘ಡ್ರಿಫ್ಟ್’: ಜಾರುತ್ತದೆಯೋ, ಎಳೆಯುತ್ತದೆಯೋ?

ಎಲ್ಲರಿಗೂ ನಮಸ್ಕಾರ.

ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲಿನ ಜಾಯ್‌ಸ್ಟಿಕ್ ಕೆಟ್ಟರೆ ಮನೆಯಲ್ಲೇ ಹೇಗೆ ಸರಿಮಾಡಿಕೊಳ್ಳಬಹುದು ಅಂತ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಸಲ ನಾನೇ ಬಿಚ್ಚಿ ಸರಿಮಾಡಿದ್ದೇನೆ, ಹಾಗಾಗಿ ಕೆಲಸ ಗೊತ್ತು. ಸಿಕ್ಕಿಕೊಂಡಿರುವುದು ಪದಗಳಲ್ಲಿ. ಅದರಲ್ಲೂ ಮುಖ್ಯವಾಗಿ ಒಂದು ಪದ: ಡ್ರಿಫ್ಟ್.

ಈ ತೊಂದರೆ ಬಂದಾಗ ಜಾಯ್‌ಸ್ಟಿಕ್ಕಿನ ಕೋಲನ್ನು, ಅಂದರೆ ಹೆಬ್ಬೆರಳಿನಿಂದ ತಳ್ಳುವ ಪುಟ್ಟ ಕಡ್ಡಿಯನ್ನು, ಯಾರೂ ಮುಟ್ಟಿರುವುದಿಲ್ಲ. ಅದು ನೆಟ್ಟಗೆ ನಡುವೆ ನಿಂತಿರುತ್ತದೆ. ಆದರೂ ಪರದೆಯ ಮೇಲಿನ ಆಳು ತನ್ನಷ್ಟಕ್ಕೆ ಎಡಕ್ಕೋ ಮೇಲಕ್ಕೋ ನಡೆಯುತ್ತಾ ಹೋಗುತ್ತಾನೆ. 2017ರಲ್ಲಿ ನಿಂಟೆಂಡೊ ಸ್ವಿಚ್ ಬಂದ ಮೇಲೆ, ಅದರ ಜಾಯ್‌ಕಾನ್‌ಗಳ (ಎರಡು ಬದಿಗೆ ಸಿಕ್ಕಿಸುವ ಹಿಡಿಗಳ) ದೆಸೆಯಿಂದ ಡ್ರಿಫ್ಟ್ ಅನ್ನುವ ಮಾತು ಆಡುವವರ ಬಾಯಲ್ಲೆಲ್ಲ ಹರಡಿತು.

ಮೊದಲು ‘ಜಾರುವಿಕೆ’ ಅಂತ ಬರೆದೆ. ಆಮೇಲೆ ಹೊಡೆದುಹಾಕಿದೆ. ಇಲ್ಲಿ ಕೋಲು ಎಲ್ಲಿಗೂ ಜಾರುವುದಿಲ್ಲ, ಅಲ್ವಾ? ಓದುವವರು ಕೋಲಿನ ಮೇಲಿನ ರಬ್ಬರ್ ಸವೆದು ಹೆಬ್ಬೆರಳು ಜಾರುತ್ತಿದೆ ಅಂದುಕೊಳ್ಳಬಹುದು. ಅದು ಬೇರೆಯದೇ ತೊಂದರೆ. ‘ತೇಲು’ ಅಂದರೆ ನೀರು, ದೋಣಿ ನೆನಪಾಗುತ್ತದೆ. ‘ದಿಕ್ಕು ತಪ್ಪು’ ಕೂಡ ಕೂಡಿಬರಲಿಲ್ಲ. ಕೆಟ್ಟ ಜಾಯ್‌ಸ್ಟಿಕ್ ಹೆಚ್ಚಾಗಿ ಒಂದೇ ದಿಕ್ಕಿಗೆ ಹೋಗುತ್ತದೆ, ಅದಕ್ಕೆ ದಿಕ್ಕು ಚೆನ್ನಾಗಿಯೇ ಗೊತ್ತು.

ಪದ ಸಿಕ್ಕಿದ್ದು ಅಕ್ಕನ ಮಗಳ ಬಾಯಲ್ಲಿ. “ಮಾಮ, ಇದು ಎಡಕ್ಕೆ ಎಳೀತಾ ಇದೆ ನೋಡು” ಅಂದಳು. ಅವಳ ಕೈಯಲ್ಲಿದ್ದದ್ದು ಕನ್ಸೋಲು, ಮಾತು ಮಾತ್ರ ಸೈಕಲ್ಲಿನದು! ಹ್ಯಾಂಡಲ್ ನೆಟ್ಟಗಿದ್ದರೂ ಗಾಡಿ ಪಕ್ಕಕ್ಕೆ ಹೋದರೆ ‘ಒಂದು ಕಡೆ ಎಳೆಯುತ್ತೆ’ ಅಂತಲೇ ಅಲ್ಲವೇ ನಾವು ಹೇಳುವುದು? ಹಿಡಿದವರ ತಪ್ಪಲ್ಲ, ಒಳಗೆ ಏನೋ ಸರಿಯಿಲ್ಲ ಅನ್ನುವ ಅರ್ಥವೂ ಅದರಲ್ಲೇ ಇದೆ. ನನಗೆ ತುಂಬಾ ಖುಷಿಯಾಯಿತು.

ಹಾಗಾದರೆ ಒಳಗೆ ಆಗುವುದೇನು? ಕೋಲಿನ ಬುಡದಲ್ಲಿ ಎರಡು ಪುಟ್ಟ ಪೊಟೆನ್ಶಿಯೋಮೀಟರ್, ಅಂದರೆ ಕೋಲು ಎಷ್ಟು ವಾಲಿದೆ ಅಂತ ವಿದ್ಯುತ್ತಿನಿಂದ ತಿಳಿಸುವ ಬಿಡಿಭಾಗಗಳು, ಇರುತ್ತವೆ. ಒಂದು ಎಡ–ಬಲಕ್ಕೆ, ಇನ್ನೊಂದು ಮೇಲೆ–ಕೆಳಗೆ. ಪ್ರತಿಯೊಂದರಲ್ಲೂ ಒಂದು ಕಾರ್ಬನ್ ಪಟ್ಟಿ. ಅದರ ಮೇಲೆ ತೆಳ್ಳನೆಯ ಲೋಹದ ಕಡ್ಡಿ ಓಡಾಡುತ್ತದೆ. ಈ ಕಡ್ಡಿಗೆ ಇಂಗ್ಲಿಷಿನಲ್ಲಿ ವೈಪರ್ ಅನ್ನುತ್ತಾರೆ. ಆದರೆ ಅದೇನೂ ಒರೆಸುವುದಿಲ್ಲ, ಮೆಲ್ಲಗೆ ಸವರುತ್ತದೆ. ಅದಕ್ಕೇ ‘ಸವರುಕಡ್ಡಿ’ ಅಂತ ಬರೆದಿದ್ದೇನೆ. ಸವರಿ ಸವರಿ ಪಟ್ಟಿ ಸವೆಯುತ್ತದೆ, ಕಾರ್ಬನ್ ಪುಡಿ ಅಲ್ಲೇ ಉಳಿಯುತ್ತದೆ. ಕೋಲು ಎಲ್ಲಿದೆ ಅನ್ನುವುದನ್ನು ಕನ್ಸೋಲು ಅಂಕಿಯಾಗಿ ಓದುತ್ತದೆ. ಅದು 0ಯಿಂದ 255ರವರೆಗಿನ ಅಳತೆ ಅಂದುಕೊಂಡರೆ, ನಡು ಅಂದರೆ 128ರ ಆಸುಪಾಸು. ಸವೆದ ಪಟ್ಟಿ ಸುಮ್ನೆ ನಿಂತ ಕೋಲಿಗೂ 150 ಅಂತ ಲೆಕ್ಕ ಕೊಟ್ಟರೆ, ಯಾರೋ ಒಂದು ಕಡೆಗೆ ತಳ್ಳಿದ್ದಾರೆ ಅಂತ ಕನ್ಸೋಲು ನಂಬಿಬಿಡುತ್ತದೆ.

‘ಸವೆತ’ ಅಂತಲೇ ಕರೆದುಬಿಡಬಾರದೇ ಅಂತ ಒಬ್ಬ ಗೆಳೆಯರು ಕೇಳಿದರು. ಬೇಡ ಅನ್ನಿಸುತ್ತದೆ. ಸವೆತ ಕಾರಣ, ಎಳೆಯುವುದು ಅದರ ಫಲ. ಬರೀ ಧೂಳು ಕೂತರೂ ಎಳೆಯಬಹುದು. ಆಗ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಶುಚಿ ಮಾಡಿದರೆ ಸಾಕಾಗಬಹುದು. ನಿಜವಾಗಿ ಸವೆದಿದ್ದರೆ ಜಾಯ್‌ಸ್ಟಿಕ್ಕನ್ನೇ ಬದಲಿಸಬೇಕು. ಇನ್ನು ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಜಾಯ್‌ಸ್ಟಿಕ್ಕಿನಲ್ಲಿ ಸವರುಕಡ್ಡಿಯೇ ಇಲ್ಲ. ಎಡ್ವಿನ್ ಹಾಲ್ 1879ರಲ್ಲಿ ಕಂಡುಕೊಂಡ ಪರಿಣಾಮ ಅದರಲ್ಲಿ ದುಡಿಯುತ್ತದೆ. ಅಲ್ಲಿ ಕಡ್ಡಿ ಉಜ್ಜಿ ಪಟ್ಟಿ ಸವೆಯುವ ಮಾತಿಲ್ಲ. ಆದರೂ ನಡು ಸರಿಯಾಗಿ ಗುರುತಾಗದಿದ್ದರೆ ಅದೂ ಎಳೆಯುತ್ತದೆ.

ಇನ್ನೊಂದು ಪದ ಡೆಡ್ ಝೋನ್. ‘ಸತ್ತ ವಲಯ’ ನೋಡಿದರೇ ಬೇಸರವಾಗುತ್ತದೆ. ಕೋಲು ಸ್ವಲ್ಪ ಅಲುಗಿದರೂ ಕನ್ಸೋಲು ಗಣನೆಗೆ ತೆಗೆದುಕೊಳ್ಳದ ನಡುವಿನ ಜಾಗ ಅದು. ಚಿಕ್ಕ ಮಕ್ಕಳನ್ನು ಆಟಕ್ಕೆ ಸೇರಿಸಿಕೊಂಡು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅನ್ನುತ್ತೇವಲ್ಲ, ಅಲ್ಲಿಂದ ‘ಲೆಕ್ಕಕ್ಕಿಲ್ಲದ ಜಾಗ’ ಅಂತ ಮಾಡಿಕೊಂಡೆ. ಉದ್ದವಾಯಿತು, ನಿಜ. ಆದರೆ ವಿವರಣೆಯೇ ಬೇಕಾಗುವುದಿಲ್ಲ. ಆ ಜಾಗವನ್ನು ಸೆಟ್ಟಿಂಗಿನಲ್ಲಿ ಕೊಂಚ ಹಿಗ್ಗಿಸಿದರೆ ಸಣ್ಣ ಎಳೆತ ಮರೆಯಾಗುತ್ತದೆ. ಜಾಸ್ತಿ ಹಿಗ್ಗಿಸಿದರೆ ಸಣ್ಣ ಚಲನೆ ದಾಟುವುದೇ ಇಲ್ಲ.

ಕ್ರಿಯಾಪದಗಳಲ್ಲೂ ಎಚ್ಚರ ಬೇಕು, ಇದು ನನ್ನ ಅನುಭವದ ಮಾತು. ಮೊದಲ ಸಲ ಓದಿದ ಒಂದು ಅನುವಾದದಲ್ಲಿ ‘ರಿಬ್ಬನ್ ಕೇಬಲ್ ಕಿತ್ತುಹಾಕಿ’ ಅಂತಿತ್ತು (ಒಳಗಿನ ಭಾಗಗಳನ್ನು ಜೋಡಿಸುವ, ಪಟ್ಟಿಯಂತೆ ಚಪ್ಪಟೆಯಾದ ತಂತಿ ಅದು). ಹಾಗೇ ಮಾಡಿದೆ. ಕೇಬಲನ್ನು ಹಿಡಿದಿದ್ದ ಚಿಲಕ ಮುರಿಯಿತು. ಉಗುರಿನ ತುದಿಗಿಂತ ಸಣ್ಣದು, ಮತ್ತೆ ಕೂರಿಸಲು ಆಗಲೇ ಇಲ್ಲ. ‘ಚಿಲಕ ಎತ್ತಿ, ಕೇಬಲ್ ಬಿಡಿಸಿ’ ಅಂತ ಇದ್ದಿದ್ದರೆ ನನ್ನ ಕೈ ತಾನಾಗಿ ಮೆತ್ತಗಾಗುತ್ತಿತ್ತು. ಕೀಳುವುದಕ್ಕೂ ಬಿಡಿಸುವುದಕ್ಕೂ ಇರುವ ದೂರ ಅಷ್ಟು ದೊಡ್ಡದು. ಬ್ಯಾಟರಿಯ ವಿಷಯದಲ್ಲೂ ಹಾಗೆಯೇ: ಮೊದಲು ಅದರ ಸಂಪರ್ಕ ‘ಬಿಡಿಸಿ’, ಆಮೇಲೆ ಮುಂದಿನ ಕೆಲಸ.

ಈಗ ನನ್ನ ಪ್ರಶ್ನೆ. ವಾಕ್ಯದೊಳಗೆ ‘ಜಾಯ್‌ಸ್ಟಿಕ್ ಎಡಕ್ಕೆ ಎಳೆಯುತ್ತಿದೆ’ ಅಂದರೆ ಸಲೀಸಾಗಿ ಓದಿಸಿಕೊಳ್ಳುತ್ತದೆ. ಅಧ್ಯಾಯದ ತಲೆಬರಹಕ್ಕೆ ‘ಎಳೆತ’ ಅಂತ ಒಂದೇ ಪದ ಇಟ್ಟಾಗ ಮಾತ್ರ ಅನುಮಾನ. ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ ಕೇಳಿಸುತ್ತದೆಯೇ? ‘ನಡು ತಪ್ಪುವುದು’ ಅಂತಲೂ ಯೋಚಿಸಿದೆ. ತಾಳ ತಪ್ಪು, ಹದ ತಪ್ಪು ಇದ್ದ ಹಾಗೆ. ಆದರೆ ನಡು ಅಂದರೆ ಸೊಂಟವೂ ಹೌದಲ್ಲ, ಅಲ್ಲಿ ತಡವರಿಸಿದೆ. ‘ನೆಲೆ ತಪ್ಪುವುದು’ ಹೇಗೆ? ನಿಮ್ಮ ಮನೆಯಲ್ಲಿ ಆಡುವ ಮಕ್ಕಳಿದ್ದರೆ, ಪದ ಹೇಳಿಕೊಡದೆ, ಕೆಟ್ಟ ಜಾಯ್‌ಸ್ಟಿಕ್ ಕೈಗೆ ಕೊಟ್ಟು ಏನಾಗ್ತಿದೆ ಅಂತ ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಕಳಿಸಿ.