ಫ್ಲಾಟ್‌ಬೆಡ್ ಲಾರಿಗೆ ಕನ್ನಡದಲ್ಲಿ ಏನೆನ್ನಬೇಕು? ಜೊತೆಗೆ ಹೇರು, ಏರು, ಸಾಗಾಟ, ಬಾಡಿಗೆ

ಮಾನ್ಯರೇ,

ಘಟ್ಟದ ರಸ್ತೆಗಳಲ್ಲಿ ಭಾರಿ ಸರಕು ಒಯ್ಯುವ ಚಾಲಕರಿಗಾಗಿ ಒಂದು ಸುರಕ್ಷತಾ ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಮೊದಲ ಪುಟದಲ್ಲಿಯೇ ನನ್ನನ್ನು ತಡೆದ ಪದ ‘ಫ್ಲಾಟ್‌ಬೆಡ್’. ಪಕ್ಕದ ಹಲಗೆಗಳಾಗಲಿ ಮೇಲ್ಮುಚ್ಚಿಗೆಯಾಗಲಿ ಇಲ್ಲದೆ, ಚಾಸಿಯ ಮೇಲೆ ಬರಿಯ ಹಾಸು ಮಾತ್ರ ಇರುವ ಲಾರಿಗೆ ಅಥವಾ ಟ್ರೇಲರಿಗೆ ಈ ಹೆಸರಿದೆ. ಕಬ್ಬಿಣದ ಸರಳು, ಪೈಪು, ಗ್ರಾನೈಟ್ ಬಂಡೆ, ಟ್ರಾನ್ಸ್‌ಫಾರ್ಮರ್ ಮುಂತಾದವು ಪಣಂಬೂರಿನ ಬಂದರಿಗೂ ಘಟ್ಟದ ಮೇಲಿನ ಊರುಗಳಿಗೂ ನಡುವೆ ಶಿರಾಡಿ ಘಾಟಿಯನ್ನು ಹತ್ತಿ ಇಳಿಯುವುದು ಇಂತಹ ಗಾಡಿಗಳ ಮೇಲೆಯೇ. ಕೈಪಿಡಿಯ ಹಳೆಯ ಕರಡಿನಲ್ಲಿ ಇದನ್ನು ‘ಸಮತಲ ಹಾಸಿನ ಸರಕು ವಾಹನ’ ಎಂದು ಬರೆದಿದ್ದರು. ಅರ್ಥದಲ್ಲಿ ತಪ್ಪಿಲ್ಲ, ಆದರೆ ಗುಂಡ್ಯದ ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ ಚಹಾ ಕುಡಿಯುವ ಚಾಲಕನಿಗೆ ಅದನ್ನು ಓದಿ ಹೇಳಿದರೆ, ತನ್ನ ಗಾಡಿಯ ವಿಷಯವೆಂದು ಆತನಿಗೆ ಹೊಳೆಯುವುದೇ ಇಲ್ಲ.

ಚಾಲಕರ ಬಾಯಲ್ಲಿ ನನಗೆ ಸಿಕ್ಕಿದ ಹೆಸರುಗಳು ‘ಪ್ಲಾಟ್‌ಫಾರಂ’, ‘ಟ್ರೇಲರ್’ ಮತ್ತು ‘ಬಾಡಿ ಇಲ್ಲದ ಗಾಡಿ’. ‘ಓಪನ್ ಬಾಡಿ’ ಎನ್ನುವುದು ಬೇರೆ. ಅದರಲ್ಲಿ ಮೇಲ್ಭಾಗ ಮಾತ್ರ ತೆರೆದಿದ್ದು ಪಕ್ಕದ ಹಲಗೆಗಳು ಇದ್ದೇ ಇರುತ್ತವೆ. ಮರದ ದಿಮ್ಮಿ ಒಯ್ಯುವ ಮಲೆನಾಡಿನ ‘ನಾಟಾ ಲಾರಿ’ ರೂಪದಲ್ಲಿ ಹತ್ತಿರದ್ದಾದರೂ, ಆ ಹೆಸರು ಹುಟ್ಟಿರುವುದು ಸರಕಿನಿಂದಲೇ ಹೊರತು ಗಾಡಿಯ ಕಟ್ಟಡದಿಂದಲ್ಲ. ನನಗೆ ಮೊದಲು ತೋಚಿದ್ದು ‘ಬೋಳು ಲಾರಿ’. ಬೋಳುಗುಡ್ಡ, ಬೋಳುಮರ ಎನ್ನುವಾಗ ಇರುವ ‘ಮೈಮೇಲೆ ಏನೂ ಇಲ್ಲದ’ ಎಂಬ ಭಾವ ಇಲ್ಲಿ ಸರಿಯಾಗಿ ಕೂರುತ್ತದೆ. ಆದರೆ ‘ಬೋಳು ಹಣೆ’ ಎಂಬ ಮಾತಿನ ನೆನಪೂ ಅದರ ಬೆನ್ನಿಗೇ ಬರುತ್ತದೆ. ಮುಂದಿನ ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟದೆ ಗಾಡಿ ತೆಗೆಯದವರು ತಮ್ಮ ಅನ್ನದ ಗಾಡಿಯನ್ನು ಬೋಳು ಎಂದು ಕರೆಯಲು ಒಪ್ಪುವರೆಂದು ನನಗೆ ಅನ್ನಿಸುವುದಿಲ್ಲ. ಹಾಗಾಗಿ ಈಗ ಹಾಸುಗಲ್ಲು, ಹಾಸುಬಂಡೆಗಳ ಜಾಡಿನಲ್ಲಿ ‘ಹಾಸುಲಾರಿ’ ಎಂಬುದರ ಕಡೆಗೆ ವಾಲಿದ್ದೇನೆ. ಇದನ್ನು ಎಲ್ಲಿಯೂ ಕೇಳಿಲ್ಲ, ನಾನೇ ಕಟ್ಟಿದ್ದು ಎಂಬುದನ್ನು ಮುಚ್ಚಿಡುವುದಿಲ್ಲ.

ಎರಡನೆಯ ತೊಡಕು ‘ಹೇರು’ ಮತ್ತು ‘ಏರು’ಗಳದ್ದು. ಹಳಗನ್ನಡದಲ್ಲಿ ಒಂದು ‘ಪೇಱು’, ಇನ್ನೊಂದು ‘ಏಱು’; ಬೇರುಗಳೇ ಬೇರೆ. ಪಕಾರ ಹಕಾರವಾಗಿ, ಱಕಾರ ಸಾಮಾನ್ಯ ರಕಾರದಲ್ಲಿ ಕರಗಿದ ಮೇಲೆ ಇವೆರಡರ ನಡುವೆ ಉಳಿದದ್ದು ಒಂದು ಹಕಾರದ ಅಂತರ ಮಾತ್ರ. ಹಳೆಮೈಸೂರು ಕಡೆಯ ಆಡುಮಾತಿನಲ್ಲಿ ಆ ಹಕಾರವೂ ಬಿದ್ದುಹೋಗುವುದರಿಂದ ‘ಏರಿದ ಗಾಡಿ’ ಎಂದರೆ ಘಟ್ಟ ಹತ್ತಿದ ಗಾಡಿಯೋ ಸರಕು ತುಂಬಿದ ಗಾಡಿಯೋ ಎಂಬುದನ್ನು ಸಂದರ್ಭವೇ ಹೇಳಬೇಕು. ಕೈಪಿಡಿಯಲ್ಲಿ ಇದು ಬರಿಯ ಪಂಡಿತರ ಚರ್ಚೆಯಲ್ಲ. ಕಡಿದಾದ ಇಕ್ಕಟ್ಟು ರಸ್ತೆಯಲ್ಲಿ ಮೇಲಕ್ಕೆ ಬರುವ ವಾಹನಕ್ಕೆ ಮೊದಲು ದಾರಿ ಬಿಡಬೇಕೆಂದು 2017ರ ಚಾಲನಾ ನಿಯಮಗಳು ಹೇಳುತ್ತವೆ. ‘ಏರುವ ಗಾಡಿಗೆ ದಾರಿ ಬಿಡಿ’ ಎಂದು ನಾನು ಬರೆದದ್ದನ್ನು ಸಕಲೇಶಪುರದ ಕಡೆಯ ಒಬ್ಬ ಚಾಲಕರು ‘ಲೋಡು ಗಾಡಿಗೆ’ ಎಂದು ಓದಿಕೊಂಡರು. ಖಾಲಿ ಗಾಡಿ ಹತ್ತಿ ಬರುತ್ತಿದ್ದರೆ ಏನು ಮಾಡಬೇಕೆಂದು ಅವರು ಕೇಳಿದ ಮೇಲೆಯೇ ನನಗೆ ಎಚ್ಚರವಾದದ್ದು. ಈಗ ‘ಹತ್ತುವ ಗಾಡಿ’ ಎಂದು ತಿದ್ದಿದ್ದೇನೆ. ಹೇರು ಎಂಬುದನ್ನು ಸರಕಿಗೇ ಮೀಸಲಿಡುವುದು ಒಳ್ಳೆಯದೆಂದು ತೋರುತ್ತದೆ. ಕೊಂಕಣ ರೈಲ್ವೆ 1999ರಲ್ಲಿ ಆರಂಭಿಸಿದ ರೋ-ರೋ ಸೇವೆಯಲ್ಲಿ ಸುರತ್ಕಲ್ಲಿನಿಂದ ಮಹಾರಾಷ್ಟ್ರದ ಕೋಲಾಡಿಗೆ ತುಂಬಿದ ಲಾರಿಗಳೇ ಬರಿಹಾಸಿನ ವ್ಯಾಗನ್ನುಗಳ ಮೇಲೆ ಸಾಲಾಗಿ ನಿಂತು ಹೋಗುತ್ತವೆ. ಅಲ್ಲಿಯೂ ಸರಕನ್ನು ಲಾರಿಗೆ ‘ಹೇರುತ್ತಾರೆ’, ಲಾರಿಯನ್ನು ರೈಲಿಗೆ ‘ಹತ್ತಿಸುತ್ತಾರೆ’.

ಕ್ರಿಯಾಪದಗಳ ವಿಷಯದಲ್ಲಿ ಕನ್ನಡ ನನ್ನನ್ನು ಕೈಬಿಡಲಿಲ್ಲ. ನಾನು ಆಧಾರವಾಗಿ ಇಟ್ಟುಕೊಂಡಿರುವ ಮೂಲ ಕೈಪಿಡಿ ಸರಕು ಅಲುಗಾಡುವ ಎಲ್ಲ ಬಗೆಗಳಿಗೂ ಒಂದೇ ಪದವನ್ನು ಬಳಸುತ್ತದೆ. ಕಳೆದ ಮಳೆಗಾಲದಲ್ಲಿ ಮಾರನಹಳ್ಳಿಯ ಬಳಿ, ಪೈಪು ತುಂಬಿದ ಟ್ರೇಲರೊಂದು ರಸ್ತೆಯ ಅಂಚಿಗೆ ನಿಂತಿತ್ತು. ಕ್ಲೀನರ್ ಹುಡುಗ ಹಿಂದಿನ ಟಯರಿಗೆ ಕಲ್ಲು ಕೊಟ್ಟು, ಒದ್ದು ಗಟ್ಟಿಮಾಡಿ, ಮಳೆಯಲ್ಲಿಯೇ ನಿಂತಿದ್ದ. ಚಾಲಕರು ಬೆಲ್ಟುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾ ಬಂದು, ‘ಲೋಡು ಕೂತದೆ ಸಾರ್, ಇನ್ನೊಂದು ಪಟ್ಟು ಬಿಗೀಬೇಕು’ ಎಂದರು. ಪೈಪುಗಳ ನಡುವೆ ಇಟ್ಟ ಮರದ ತುಂಡುಗಳು ಭಾರಕ್ಕೆ ಒತ್ತಿಕೊಂಡು ರಾಶಿ ಒಂದಿಷ್ಟು ತಗ್ಗಿದಾಗ ಬೆಲ್ಟು ಸಡಿಲವಾಗುತ್ತದೆ, ಅದೇ ಕೂರುವುದು. ಹಾಗೆಯೇ ಬಿಟ್ಟರೆ ಪೈಪು ಉರುಳುತ್ತದೆ, ತಗಡು ಜಾರುತ್ತದೆ, ಎತ್ತರದ ಯಂತ್ರ ತಿರುವಿನಲ್ಲಿ ವಾಲುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಕಟ್ಟು ಪೂರ್ತಿಯಾಗಿ ಮುಂದಕ್ಕೆ ಸರಿಯುತ್ತದೆ. ಪ್ರತಿಯೊಂದಕ್ಕೂ ಬಿಗಿಯುವ ಬಗೆ ಬೇರೆಯಾಗಿರುವುದರಿಂದ ಇವನ್ನೆಲ್ಲ ‘ಸ್ಥಾನಪಲ್ಲಟ’ ಎಂಬ ಒಂದೇ ಚೀಲಕ್ಕೆ ತುಂಬಿದರೆ ಚಾಲಕನಿಗೆ ಉಪಯೋಗವಿಲ್ಲ.

‘ಸಾಗಾಟ’ವನ್ನು ನಾನು ಬಿಟ್ಟಿದ್ದೇನೆ. ‘ಅಕ್ರಮ ಮರಳು ಸಾಗಾಟ’ ಎಂದು ದಿನವೂ ಪತ್ರಿಕೆಗಳಲ್ಲಿ ಓದಿ ಓದಿ ಆ ಪದಕ್ಕೆ ಪೊಲೀಸ್ ಠಾಣೆಯ ವಾಸನೆ ಹತ್ತಿದೆ. ‘ಕಳ್ಳಸಾಗಣೆ’ಯ ನೆರಳಿದ್ದರೂ ‘ಸಾಗಣೆ’ ಇನ್ನೂ ಶುದ್ಧವಾಗಿ ಉಳಿದಿದೆ. ಸಾಗಣೆಯ ದರಕ್ಕೆ ‘ಬಾಡಿಗೆ’ ಎಂದೇ ಬರೆದಿದ್ದೇನೆ. ಆದರೆ ಲಾರಿಯವರು ‘ಹಾಸನಕ್ಕೆ ಒಂದು ಬಾಡಿಗೆ ಸಿಕ್ಕಿತು’ ಎನ್ನುವಾಗ ಅದು ಹಣವಲ್ಲ, ಕೆಲಸ. ಎರಡೂ ಅರ್ಥ ಒಂದೇ ಪುಟದಲ್ಲಿ ಬಂದಾಗ ಮೊದಲನೆಯದನ್ನು ‘ಬಾಡಿಗೆ ಹಣ’ ಎಂದು ಬಿಡಿಸಿದ್ದೇನೆ.

ಈಗ ನನ್ನ ಪ್ರಶ್ನೆಗಳು. ಎತ್ತಿನ ಗಾಡಿಯ ಕಾಲದಲ್ಲಿ ಪಕ್ಕದ ತಟ್ಟಿಗಳನ್ನು ಬಿಚ್ಚಿ ದಿಮ್ಮಿಯನ್ನೋ ಕಲ್ಲನ್ನೋ ಹೇರುತ್ತಿದ್ದಾಗ ಆ ಗಾಡಿಗೆ ನಿಮ್ಮ ಕಡೆ ಪ್ರತ್ಯೇಕ ಹೆಸರಿತ್ತೇ? ಉತ್ತರ ಕನ್ನಡದಲ್ಲಿ ಅರಬೈಲು, ದೇವಿಮನೆ ಘಾಟಿಗಳ ದಾರಿಯಲ್ಲಿ ಓಡಾಡುವ ಲಾರಿಗಳವರು ಈ ಗಾಡಿಯನ್ನು ಏನೆನ್ನುತ್ತಾರೆ? ಅಂತಹ ಹೆಸರೊಂದು ಸಿಕ್ಕಿದರೆ ‘ಹಾಸುಲಾರಿ’ಯನ್ನು ಈಗಲೇ ಹೊಡೆದುಹಾಕುತ್ತೇನೆ.