ಕರೋನಿ ‘ಕೌಂಟಿ’, ಕೂವಾ ‘ವಾರ್ಡು’: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್ ದ್ವೀಪದಲ್ಲಿ ಹಿಂದೆ ಕಬ್ಬಿನ ಸೀಮೆಯಾಗಿದ್ದ ಕರೋನಿ ಬಗ್ಗೆ ಬರೆಯುತ್ತಿದ್ದೇನೆ. 1845ರಿಂದ ಭಾರತದ ಕೂಲಿಕಾರರು ಹಡಗೇರಿ ಹೋಗಿ ದುಡಿದ ನೆಲ ಅದು. ಎರಡು ಪದಗಳ ಹತ್ತಿರ ಬಂದು ನಿಂತಿದ್ದೇನೆ.

ಬ್ರಿಟಿಷರು ಆ ದ್ವೀಪವನ್ನು ಎಂಟು ಕೌಂಟಿ ಮಾಡಿದ್ದರು. ಕರೋನಿ ಕೌಂಟಿಯೊಳಗೆ ನಾಲ್ಕು ವಾರ್ಡು: ಶಗ್ವಾನಸ್, ಕೂವಾ, ಕುನುಪಿಯಾ, ಮಾಂಟ್ಸೆರಾಟ್. ಕೌಂಟಿಗೆ ಮೊದಲು ‘ಜಿಲ್ಲೆ’ ಅಂತ ಬರೆದೆ. ಅಳತೆ ನೋಡಿದ ಮೇಲೆ ಹೊಡೆದುಹಾಕಿದೆ. ಇಡೀ ಟ್ರಿನಿಡಾಡ್ ಸುಮಾರು 4,800 ಚದರ ಕಿಲೋಮೀಟರ್. ನಮ್ಮ ಮಂಡ್ಯ ಜಿಲ್ಲೆಯೇ ಅದಕ್ಕಿಂತ ಸ್ವಲ್ಪ ದೊಡ್ಡದು. ಮಂಡ್ಯದಲ್ಲಿ ಏಳು ತಾಲೂಕು, ಅಲ್ಲಿ ಎಂಟು ಕೌಂಟಿ. ಹಾಗಾದರೆ ಅದು ತಾಲೂಕೇ ಅಲ್ವಾ?

ವಾರ್ಡಿನ ತೊಡಕು ಇನ್ನೂ ಜಾಸ್ತಿ. ವಾರ್ಡು ಅಂದಕೂಡಲೇ ನಮಗೆ ಆಸ್ಪತ್ರೆಯೋ ನಗರಸಭೆ ಚುನಾವಣೆಯೋ ನೆನಪಾಗುತ್ತದೆ. ಅಲ್ಲಿ ಅದು ಊರು, ಹೊಲ, ತೋಟ ಎಲ್ಲ ಸೇರಿದ ಕಂದಾಯದ ಭಾಗ. ಅದರ ಅಧಿಕಾರಿ ‘ವಾರ್ಡನ್’ ತೆರಿಗೆ ವಸೂಲಿ ಮಾಡುತ್ತಿದ್ದ, ರಸ್ತೆ ನೋಡಿಕೊಳ್ಳುತ್ತಿದ್ದ. ಜಮೀನಿನ ಪತ್ರದಲ್ಲಿ ‘ಕೂವಾ ವಾರ್ಡಿನಲ್ಲಿರುವ’ ಅಂತ ಬರೆಯುತ್ತಾರೆ, ನಮ್ಮ ಕ್ರಯಪತ್ರದಲ್ಲಿ ಇಂಥ ತಾಲೂಕು, ಇಂಥ ಹೋಬಳಿ ಅಂತ ಬರುವ ಹಾಗೆ. ಅದಕ್ಕೇ ‘ಹೋಬಳಿ’ ನನಗೆ ಒಪ್ಪಿಗೆಯಾಗಿದೆ.

ಇನ್ನೊಂದು ಕಾರಣವೂ ಇದೆ. 1899ರಲ್ಲಿ ಟೊಬೇಗೊ ದ್ವೀಪವನ್ನು ಟ್ರಿನಿಡಾಡ್‌ನ ಒಂದು ವಾರ್ಡು ಮಾಡಿದರು. ಹಿಂದೆ ತನ್ನದೇ ಶಾಸನಸಭೆ ಇದ್ದ ದ್ವೀಪ ಅದು. ‘ವಾರ್ಡಾಯಿತು’ ಅಂದರೆ ಓದುಗರಿಗೆ ಏನೂ ಅನ್ನಿಸುವುದಿಲ್ಲ. ‘ಹೋಬಳಿಯಾಯಿತು’ ಅಂದರೆ ಎಷ್ಟು ಕೆಳಕ್ಕೆ ಇಳಿಸಿದರು ಅನ್ನುವುದು ತಟ್ಟನೆ ತಿಳಿಯುತ್ತದೆ.

ಈ ವಾರ್ಡುಗಳನ್ನು 1840ರ ದಶಕದಲ್ಲಿ ಮಾಡಿದವನು ಗವರ್ನರ್ ಲಾರ್ಡ್ ಹ್ಯಾರಿಸ್. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಜನರಲ್ ಹ್ಯಾರಿಸ್‌ನ ಮೊಮ್ಮಗ! ಆ ಮನೆತನದ ಬಿರುದಿನಲ್ಲೇ ಶ್ರೀರಂಗಪಟ್ಟಣ, ಮೈಸೂರು ಎರಡೂ ಇವೆ. ಅಳತೆಗೆ ಅಂತ ಮಂಡ್ಯ ಹಿಡಿದವನಿಗೆ ಮಂಡ್ಯದ ಊರೇ ಎದುರಾಯಿತು.

ಕೌಂಟಿ ಆಡಳಿತ ಈಗ ಇಲ್ಲ. 1990ರ ಕಾಯ್ದೆ ಬಂದು ಪ್ರಾದೇಶಿಕ ನಿಗಮಗಳಾದವು. ಹಾಗಾಗಿ ಕೌಂಟಿಯನ್ನು ಹೆಸರಿನ ಭಾಗವಾಗಿ ‘ಕರೋನಿ ಕೌಂಟಿ’ ಅಂತಲೇ ಉಳಿಸಿ, ತಾಲೂಕಿನಷ್ಟು ದೊಡ್ಡದು ಅಂತ ಒಮ್ಮೆ ಹೇಳಿಬಿಡೋಣ ಅಂದುಕೊಂಡಿದ್ದೇನೆ. ವಾರ್ಡಿಗೆ ಹೋಬಳಿ. ಉಳಿದದ್ದು ವಾರ್ಡನ್. ಹಳೇ ಮೈಸೂರಿನಲ್ಲಿ ಹೋಬಳಿಯ ಕಂದಾಯ ಅಧಿಕಾರಿಗೆ ಹೇಳುತ್ತಿದ್ದ ‘ಶೇಕ್ದಾರ’ ಇಲ್ಲಿಗೆ ಒಗ್ಗುತ್ತದೆಯೇ? ಕಂದಾಯ ಇಲಾಖೆಯ ಹಳೇ ಮಾತು ಬಲ್ಲವರು ದಯವಿಟ್ಟು ಹೇಳಿ.