ಪ್ರತಿ ಕಡಿಮೆ ಮಾಡದೆ, ಪತ್ರಿಕೆ ಸಾಗಿಸುವ ಇಡೀ ರೂಟನ್ನೇ ಏಕೆ ನಿಲ್ಲಿಸುತ್ತಾರೆ?

ಪ್ರಶ್ನೆ: ಪತ್ರಿಕೆಯ ಪ್ರಸಾರ ಕುಸಿದರೆ ಪ್ರತಿ ಕಡಿಮೆ ಮುದ್ರಿಸಿದರಾಯಿತು. ದೂರದ ಊರುಗಳನ್ನೇ ಪತ್ರಿಕೆಗಳು ಕೈಬಿಡುವುದೇಕೆ? ಇದಕ್ಕೂ ಡೆಸ್ಕ್ ಸಿಬ್ಬಂದಿಯ (ಕಚೇರಿಯಲ್ಲಿ ಸುದ್ದಿ ತಿದ್ದಿ ಪುಟ ಕಟ್ಟುವವರ) ಕಡಿತಕ್ಕೂ ನಂಟಿದೆಯೇ?

ಉತ್ತರ 1: ವ್ಯಾನಿನಲ್ಲಿ 2000 ಪ್ರತಿ ಹೋದರೂ 300 ಹೋದರೂ ಡೀಸೆಲ್, ಚಾಲಕನ ಕೂಲಿ ಹೆಚ್ಚುಕಡಿಮೆ ಅಷ್ಟೇ. ಪ್ಲೇಟಿನ (ಪುಟವನ್ನು ಅಚ್ಚೊತ್ತುವ ಲೋಹದ ಹಾಳೆಯ) ಲೆಕ್ಕ ಇನ್ನೂ ಕಠಿಣ. ಬಣ್ಣದ ಪುಟ ಒಂದಕ್ಕೆ 4 ಪ್ಲೇಟ್. ದೂರದ ಊರುಗಳ ಆವೃತ್ತಿಗೆಂದು ಇಂಥ 4 ಪುಟ ಬದಲಿಸಿದರೆ 16 ಪ್ಲೇಟ್ ಹೆಚ್ಚುವರಿ. ಮೆಷಿನ್ ನಿಲ್ಲಿಸಿ ಮತ್ತೆ ಓಡಿಸಿದಾಗ ಬಣ್ಣದ ರಿಜಿಸ್ಟರ್ (ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಬೀಳುವುದು) ಕೂರುವವರೆಗೆ, ಇಂಕು-ನೀರಿನ ಹದ ಸಿಗುವವರೆಗೆ ನೂರಾರು ಪ್ರತಿ ರದ್ದಿಗೆ ಹೋಗುತ್ತವೆ. ಸಣ್ಣ ಆವೃತ್ತಿ ಇದನ್ನು ತಾಳುವುದಿಲ್ಲ.

ಉತ್ತರ 2: ಸಮಯವನ್ನೂ ನೋಡಿ. ಹತ್ತಿರದ ಮುದ್ರಣಾಲಯ ಮುಚ್ಚಿ ದೂರದಲ್ಲಿ ಮುದ್ರಿಸಿದರೆ, ಪ್ರಯಾಣದ ಪ್ರತಿ ಗಂಟೆಗೂ ಪುಟ ಒಂದು ಗಂಟೆ ಮೊದಲೇ ಮುಗಿಯಬೇಕು. ತಡರಾತ್ರಿಯ ಪಂದ್ಯದ ಫಲಿತಾಂಶ ತಪ್ಪುತ್ತದೆ, ಓದುಗ ಪತ್ರಿಕೆ ಬಿಡುತ್ತಾನೆ, ರೂಟ್ ಇನ್ನಷ್ಟು ಬಡವಾಗುತ್ತದೆ.

ಉತ್ತರ 3: ನಂಟು ಖಂಡಿತ ಇದೆ. ಆವೃತ್ತಿ ಹೋದರೆ ಅದರ ಪುಟ ಕಟ್ಟುವವರೂ, ಸ್ಥಳೀಯ ವರದಿಗಾರರೂ ಹೋಗುತ್ತಾರೆ. ಉಳಿದದ್ದನ್ನು ಕೇಂದ್ರ ಡೆಸ್ಕ್ ಮಾಡುವಾಗ ಊರಿನ ಹೆಸರೇ ತಪ್ಪಾಗಿ ಅಚ್ಚಾಗುತ್ತದೆ. ನನ್ನ ಮಟ್ಟಿಗೆ ನಿಜವಾದ ನಷ್ಟ ಇದೇ. ರೂಟ್ ನಿಲ್ಲಿಸುವ ಮುನ್ನ ಕಳಿಸಿದ ಪ್ರತಿಯನ್ನಲ್ಲ, ವಾಪಸು ಬಂದದ್ದನ್ನು ಕಳೆದು ಮಾರಾಟವಾದದ್ದನ್ನು ಎಣಿಸಿ. ಬೇರೆ ಪತ್ರಿಕೆಯೊಂದಿಗೆ ವ್ಯಾನ್ ಹಂಚಿಕೊಂಡರೆ ಸಾಗಣೆ ವೆಚ್ಚ ಇಳಿಯುತ್ತದೆ. ಆದರೆ ಇಬ್ಬರ ಮುದ್ರಣವೂ ಒಂದೇ ಹೊತ್ತಿಗೆ ಮುಗಿಯಬೇಕು, ಒಬ್ಬರು ತಡ ಮಾಡಿದರೆ ಇಬ್ಬರ ಬಂಡಲೂ ತಡ.